ಆರ್‌ಎ ಫ್ಯಾಕ್ಟರ್ (ಸಂಧಿವಾತದ ಅನುಮಾನಕ್ಕೆ ಮಾಡುವ ರಕ್ತಪರೀಕ್ಷೆ) ನೆಗೆಟಿವ್ ಬಂದರೆ ಮಗುವಿಗೆ ಸಂಧಿವಾತ ಇಲ್ಲ ಎಂದರ್ಥವೇ?

ಇಲ್ಲ. ಐದು ವರ್ಷದ ಮಗಳ ಮಂಡಿ ಎರಡು ತಿಂಗಳಿಂದ ಊದಿದೆ, ಬೆಳಿಗ್ಗೆ ಎದ್ದಾಗ ಕುಂಟುತ್ತಾಳೆ ಅಂದಿದ್ದೀರಿ. ರಿಪೋರ್ಟಿಗಿಂತ ಆ ಮಂಡಿಯೇ ದೊಡ್ಡ ಸಾಕ್ಷಿ. 16 ವರ್ಷದೊಳಗೆ ಶುರುವಾಗಿ ಆರು ವಾರವಾದರೂ ಉಳಿಯುವ, ಬೇರೆ ಕಾರಣ ಸಿಗದ ಕೀಲೂತವನ್ನೇ ಜೆಐಎ (ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಅಂದರೆ ಮಕ್ಕಳ ಸಂಧಿವಾತ) ಎನ್ನುತ್ತಾರೆ. ಇದನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆ ಅಂತ ಇಲ್ಲ.

ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರುವುದು ಇಂಥ ಮಕ್ಕಳಲ್ಲಿ ತೀರಾ ಕಡಿಮೆ ಜನಕ್ಕೆ. ಒಂದೇ ಕೀಲು ಊದಿದ್ದರೆ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳು ಕೂಡ ನಾರ್ಮಲ್ ಇರಬಹುದು. ಎಎಸ್‌ಓ ಎಂಬ ರಕ್ತಪರೀಕ್ಷೆ ಜಾಸ್ತಿ ಬಂದ ಮಾತ್ರಕ್ಕೆ ರುಮಾಟಿಕ್ ಜ್ವರ (ಗಂಟಲು ಸೋಂಕಿನ ನಂತರ ಕೀಲು, ಹೃದಯಕ್ಕೆ ತಗಲುವ ಕಾಯಿಲೆ) ಎಂದು ಪೆನಿಸಿಲಿನ್ ಶುರುಮಾಡುವುದೂ ಸರಿಯಲ್ಲ. ಅದು ಹಿಂದೆ ಬಂದ ಗಂಟಲು ಸೋಂಕಿನ ಗುರುತು, ಅಷ್ಟೇ.

ನಿಮ್ಮ ಮಗಳಿಗೆ ಮುಖ್ಯವಾದದ್ದು ಎಎನ್‌ಎ ಎಂಬ ಇನ್ನೊಂದು ರಕ್ತಪರೀಕ್ಷೆ. ಆರೋಗ್ಯವಂತ ಮಕ್ಕಳಲ್ಲೂ ಅದು ಪಾಸಿಟಿವ್ ಬರುವುದುಂಟು, ಹಾಗಾಗಿ ರೋಗ ಪತ್ತೆಗೆ ಅದನ್ನು ನೆಚ್ಚುವಂತಿಲ್ಲ. ಆದರೆ ಜೆಐಎ ಇದ್ದು ಎಎನ್‌ಎ ಕೂಡ ಪಾಸಿಟಿವ್ ಆದರೆ ಕಣ್ಣಿನೊಳಗೆ ಉರಿಯೂತ ಬರುವ ಅಪಾಯ ಹೆಚ್ಚು. ಕಣ್ಣು ಕೆಂಪಾಗದೆ, ನೋವೂ ಇಲ್ಲದೆ ದೃಷ್ಟಿ ಕೆಡಬಹುದು. ಅಂಥವರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರ್ ಬಳಿ ಸ್ಲಿಟ್ ಲ್ಯಾಂಪ್ ಪರೀಕ್ಷೆ (ಬೆಳಕು ಬಿಟ್ಟು ಕಣ್ಣಿನೊಳಗೆ ದೊಡ್ಡದಾಗಿ ನೋಡುವುದು) ಬೇಕು.

ದಿನಾ ಜ್ವರ, ಮೈಮೇಲೆ ಗಂಧೆ ಇದ್ದರೆ ಮಾತ್ರ ಕಥೆ ಬೇರೆ: ಆಗ ರಕ್ತದಲ್ಲಿ ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್) ನೋಡಬೇಕು, ಅದು ವಿಪರೀತ ಏರಿದ್ದರೆ ತುರ್ತು. ಸದ್ಯಕ್ಕೆ ಮಕ್ಕಳ ರುಮಟಾಲಜಿಸ್ಟ್‌ಗೆ (ಸಂಧಿವಾತ ತಜ್ಞರಿಗೆ) ಮಂಡಿ ತೋರಿಸಿ.