ಹೊಟ್ಟೆಯಲ್ಲಿ ಇರುವ ಇ. ಕೋಲೈಗೆ ಮಾತ್ರೆ ಯಾಕೆ?

ಅಮ್ಮನ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬಂದಿದೆ, ಅದು ಎಲ್ಲರ ಹೊಟ್ಟೆಯಲ್ಲೂ ಇರುತ್ತೆ ಅಲ್ವಾ, ಮತ್ತೆ ಆಂಟಿಬಯೋಟಿಕ್ ಯಾಕೆ ಅಂತ ಕೇಳಿದ್ದೀರಿ. ಇರುವುದು ನಿಜ. ಆದರೆ ಅದರ ಮನೆ ಕರುಳು, ಮೂತ್ರಕೋಶ ಅಲ್ಲ.

ನಾನು ಲ್ಯಾಬ್ ಟೆಕ್ನೀಶಿಯನ್. ಬೆಳಗಾದರೆ ಇದರ ಮುಖವನ್ನೇ ನೋಡುವುದು. ಬ್ಯಾಕ್ಟೀರಿಯಾ ಬೆಳೆಸುವ ಮೆಕಾಂಕಿ ಅಗಾರ್ ಪ್ಲೇಟಿನ ಮೇಲೆ ಯೂರಿನ್ ಎಳೆದು ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟರೆ, ಬೆಳಿಗ್ಗೆ ರಂಗೋಲಿ ಚುಕ್ಕಿಯ ಹಾಗೆ ಗುಲಾಬಿ ಚುಕ್ಕೆಗಳು ಎದ್ದಿರುತ್ತವೆ.

1885ರಲ್ಲಿ ಇದರ ಬಗ್ಗೆ ಮೊದಲು ಬರೆದವರು ಥಿಯೋಡೋರ್ ಎಶೆರಿಷ್ ಎಂಬ ಮಕ್ಕಳ ಡಾಕ್ಟರ್. ಅವರಿಗೆ ಇದು ಸಿಕ್ಕಿದ್ದು ಎಳೆಗೂಸುಗಳ ಮಲದಲ್ಲಿ. ಹುಟ್ಟಿದ ಕೆಲವೇ ದಿನಗಳಲ್ಲಿ ಕರುಳಿಗೆ ಬಂದು ಸೇರಿಕೊಳ್ಳುತ್ತದೆ. ಬಾಡಿಗೆ ಕೊಡದೆ ಇರುವ ಪೈಕಿ ಅಲ್ಲ. ಅಲ್ಲಿರುವ ಚೂರುಪಾರು ಆಮ್ಲಜನಕವನ್ನು ಎಳೆದುಕೊಂಡು, ಗಾಳಿ ಆಗದ ಬೇರೆ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿಕೊಡುತ್ತದೆ. ಸ್ವಲ್ಪ ವಿಟಮಿನ್ ಕೆ2 ತಯಾರಿಸುತ್ತದೆ. ರೋಗ ತರುವಂಥವು ಬಂದರೆ ಅವಕ್ಕೆ ಊಟವನ್ನೂ ಜಾಗವನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಜೊತೆಯವರು ಭೇದಿಯಿಂದ ಮಲಗಿದಾಗ ಒಬ್ಬ ಸೈನಿಕ ಮಾತ್ರ ಗಟ್ಟಿಯಾಗಿದ್ದ. ಅವನ ಮಲದಿಂದ 1917ರಲ್ಲಿ ಜರ್ಮನಿಯ ಆಲ್ಫ್ರೆಡ್ ನಿಸ್ಲೆ ಬೇರ್ಪಡಿಸಿದ ಇ. ಕೋಲೈಯನ್ನು ಇವತ್ತಿಗೂ ಔಷಧಿಯಾಗಿ ಕೊಡುತ್ತಾರೆ!

ಹೆಂಗಸರಲ್ಲಿ ಮೂತ್ರನಾಳ ಗಿಡ್ಡ, ಮಲದ್ವಾರಕ್ಕೂ ಹತ್ತಿರ. ಅಲ್ಲಿಂದ ಇಲ್ಲಿಗೆ ದಾಟುವುದು ಸುಲಭ. ಕೆಲವು ತಳಿಗಳಿಗೆ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳುವ ಸಣ್ಣ ಎಳೆಗಳೂ ಇವೆ, ಎಷ್ಟು ನೀರು ಕುಡಿದರೂ ಪೂರ್ತಿ ತೊಳೆದುಹೋಗುವುದಿಲ್ಲ. ಮುಟ್ಟು ನಿಂತ ಮೇಲೆ ಈ ಕಾಟ ಇನ್ನೂ ಜಾಸ್ತಿ.

ರಿಪೋರ್ಟಿನಲ್ಲಿ ಕಾಲನಿ ಕೌಂಟ್, ಅಂದರೆ ಬ್ಯಾಕ್ಟೀರಿಯಾ ಎಷ್ಟಿವೆ ಅನ್ನುವ ಲೆಕ್ಕ, ನೋಡಿ. ಒಂದು ಮಿಲಿಗೆ 1 ಲಕ್ಷ ದಾಟಿದ್ದರೆ ಸಾಮಾನ್ಯವಾಗಿ ಗಂಭೀರವಾಗಿ ತಗೋತಾರೆ. ಕೆಳಗಿನ ಪಟ್ಟಿಯಲ್ಲಿ ಎಸ್ ಅಂತಿದ್ದರೆ ಆ ಔಷಧಿಗೆ ಅದು ಬಗ್ಗುತ್ತದೆ, ಆರ್ ಅಂತಿದ್ದರೆ ಬಗ್ಗುವುದಿಲ್ಲ. ಹೋದ ಸಲದ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆ ತರಬೇಡಿ ಅನ್ನುವುದು ಇದಕ್ಕೇ. ಅಮ್ಮನಿಗೆ ಉರಿ, ಜ್ವರ ಏನೂ ಇಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಕೆಲವೊಮ್ಮೆ ಮಾತ್ರೆಯೇ ಬೇಕಾಗುವುದಿಲ್ಲ.

ಸ್ಯಾಂಪಲ್ ಕೊಟ್ಟಿದ್ದು ಹೇಗೆ ಅಂತಲೂ ಕೇಳಿ. ಹಿತವಾದ ಬಿಸಿಯಲ್ಲಿ ಇದು ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ, ಹಾಗಾಗಿ ಸ್ಯಾಂಪಲ್ ತುಂಬ ಹೊತ್ತು ಹಾಗೇ ಹೊರಗಿದ್ದರೆ ಕೌಂಟ್ ಸುಮ್ಮನೆ ಏರಿಬಿಡುತ್ತದೆ. ನಮ್ಮ ಅತ್ತೆಯ ಸ್ಯಾಂಪಲನ್ನು ನಾನೇ ಟಿಫಿನ್ ಬ್ಯಾಗಿನಲ್ಲಿ ಮಧ್ಯಾಹ್ನದವರೆಗೆ ಮರೆತಿದ್ದೆ. ಮತ್ತೊಮ್ಮೆ ಡಬ್ಬಿ ಕೈಗೆ ಕೊಟ್ಟಾಗ ಬಿದ್ದ ಬೈಗುಳ ಇನ್ನೂ ನೆನಪಿದೆ.