ಹಳೆ ಬಾಡಿಗೆದಾರರು ಹೋದ ಮೇಲೆ ಮನೆಯನ್ನು ಹೊಸಬರಿಗೆ ಹೇಗೆ ಸಿದ್ಧ ಮಾಡುವುದು?

ಪೇಂಟರ್‌ಗೆ ಆಮೇಲೆ ಫೋನ್ ಮಾಡಿ, ಮೊದಲು ನೀರು ನೋಡಿ. ಎಲ್ಲ ನಲ್ಲಿ ನಿಲ್ಲಿಸಿದರೂ ನೀರಿನ ಮೀಟರ್ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿರಬಹುದು. ಫ್ಲಶ್ ಟ್ಯಾಂಕ್ ಮೊದಲು ನೋಡಿ. ಬಚ್ಚಲಿಗೆ ನಾಲ್ಕೈದು ಬಕೆಟ್ ನೀರು ಸುರಿದು, ಮರುದಿನ ಆಚೆ ಬದಿಯ ಗೋಡೆ ಮುಟ್ಟಿ ನೋಡಿ. ತೇವ ಇದ್ದರೆ ಸೋರಿಕೆ ಸರಿ ಮಾಡಿಸಿ, ಗೋಡೆ ಪೂರ್ತಿ ಒಣಗಲು ಬಿಡಿ. ಒದ್ದೆ ಗೋಡೆಗೆ ಸುಮ್ನೆ ಬಣ್ಣ ಬಳಿದರೆ ಮಳೆಗಾಲದಲ್ಲಿ ಗುಳ್ಳೆ ಎದ್ದು ಸಿಪ್ಪೆ ಥರ ಕಿತ್ತು ಬರುತ್ತದೆ. ನಮ್ಮ ಮೇಲಿನ ಮನೆಯಲ್ಲಿ ಹೀಗೇ ಆಗಿ ಎರಡು ಸಲ ಬಳಿಸಬೇಕಾಯಿತು.

ಮನೆ ಖಾಲಿ ಇರುವಾಗ ಬಚ್ಚಲ ಜಾಲರಿಗೆ ವಾರಕ್ಕೊಂದು ಸಲ ಎರಡು ಚೊಂಬು ನೀರು ಹಾಕಿ. ಜಾಲರಿ ಕೆಳಗಿನ ಟ್ರ್ಯಾಪ್‌ನಲ್ಲಿ (ನೀರು ನಿಲ್ಲುವ ಬಾಗಿದ ಪೈಪ್) ನಿಂತ ನೀರು ಒಣಗಿದರೆ ಚರಂಡಿ ವಾಸನೆ, ಜಿರಳೆ ಎರಡೂ ಒಳಗೆ ಬರುತ್ತವೆ.

ಕರೆಂಟ್ ಮೀಟರ್ ರೀಡಿಂಗ್ ಫೋಟೋವನ್ನು ಹಳಬರು ಎದುರಿಗಿರುವಾಗಲೇ ತೆಗೆದು, ಬಾಕಿ ಬಿಲ್ ಲೆಕ್ಕ ಹಾಕಿಬಿಡಿ. ಬೀಗ ಬದಲಾಯಿಸಿ.

ಇನ್ನು ಅಡ್ವಾನ್ಸ್. ಬೆಂಗಳೂರಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಇದೆ. ಅದು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಹಿಡಿಯಿರಿ. ಮೂರು ವರ್ಷ ಇದ್ದವರ ಗೋಡೆ ಮಾಸುವುದು ಸಹಜ ಅಲ್ವಾ? ಮುರಿದ ಸಿಂಕ್, ಒಡೆದ ಗಾಜು ಬೇರೆ ಮಾತು. ಹೊಸಬರಿಗೆ ಕೀ ಕೊಡುವ ದಿನ ಪ್ರತಿ ಕೋಣೆಯ ಫೋಟೋ ತೆಗೆದು ಅವರಿಗೂ ಕಳಿಸಿ. ಮುಂದೆ ಅಡ್ವಾನ್ಸ್ ವಾಪಸ್ ಕೊಡುವಾಗ ಜಗಳ ತಪ್ಪುತ್ತದೆ.