ಕುಮಾರ ಪರ್ವತಕ್ಕೆ ತಯಾರಿಯಾಗಿ ಜೋಗಿಮಟ್ಟಿ ಹತ್ತಿದರೆ ಸಾಕಾ?

ಚಿತ್ರದುರ್ಗದಲ್ಲೇ ಇದ್ದೀರಿ, ದಿನವಿಡೀ ಕೂತು ಮಾಡುವ ಕೆಲಸ, ಇನ್ನೆರಡು ತಿಂಗಳಲ್ಲಿ ಗೆಳೆಯರ ಜೊತೆ ಕುಮಾರ ಪರ್ವತಕ್ಕೆ ಹೊರಟಿದ್ದೀರಿ. ಭಾನುವಾರ ಭಾನುವಾರ ಊರ ಪಕ್ಕದ ಜೋಗಿಮಟ್ಟಿ ಬೆಟ್ಟ ಹತ್ತಿದರೆ ಸಾಕಾ ಅಂತ ಕೇಳಿದ್ದೀರಿ. ಬೆಟ್ಟ ಸಾಕು. ಆದರೆ ಹತ್ತಿದಷ್ಟನ್ನೂ ನಡೆದೇ ಇಳಿಯಬೇಕು. ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ.

ಮೊದಲ ಸಲ ಹೋಗುವ ಮುಂಚೆ ಎಂಟು ಭಾನುವಾರ ಜೋಗಿಮಟ್ಟಿ ಹತ್ತಿದ್ದೆ. ಗೆಳೆಯನೊಬ್ಬ ಬೈಕ್ ತಗೊಂಡು ಮೇಲೆ ಬರುತ್ತಿದ್ದ, ನಾನು ಅವನ ಹಿಂದೆ ಕೂತು ಇಳಿಯುತ್ತಿದ್ದೆ. ಇಳಿಯೋದಕ್ಕೇನು ಅಭ್ಯಾಸ ಬೇಕು ಅಂದುಕೊಂಡಿದ್ದೆ. ಕುಕ್ಕೆಯಿಂದ ಹೊರಟು ಭಟ್ಟರ ಮನೆ, ಕಲ್ಲು ಮಂಟಪ, ಶೇಷ ಪರ್ವತ ದಾಟಿ 1,712 ಮೀಟರ್ ತುದಿ ಮುಟ್ಟುವವರೆಗೆ ಯಾವ ತೊಂದರೆಯೂ ಆಗಲಿಲ್ಲ. ವಾಪಸ್ ಬರುವಾಗ ಶೇಷ ಪರ್ವತದ ಇಳಿಜಾರಿನಲ್ಲೇ ತೊಡೆ ನಡುಗಲು ಶುರುವಾಯಿತು. ಕಲ್ಲು ಮಂಟಪದಲ್ಲಿ ಕೂತವನು ಏಳುವಾಗ ಎರಡೂ ಕೈ ನೆಲಕ್ಕೆ ಊರಬೇಕಾಯಿತು. ಅಲ್ಲಿಂದ ಮುಂದೆ ಕಾಲು ಅಡ್ಡಡ್ಡ ಇಟ್ಟುಕೊಂಡೇ ಇಳಿದೆ. ನನಗಾಗಿ ಗೆಳೆಯರು ನಿಂತು ನಿಂತು ಬಂದರು, ಕಾಡಿನೊಳಗೇ ಕತ್ತಲಾಯಿತು.

ಕಾರಣ ಆಮೇಲೆ ತಿಳಿಯಿತು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಆಗ ಏದುಸಿರು ಬರುವುದಿಲ್ಲ, ಹಾಗಾಗಿ ಸುಲಭ ಅನ್ನಿಸುತ್ತದೆ. ಆದರೆ ಸ್ನಾಯುವಿನ ಎಳೆಗಳಿಗೆ ಪೆಟ್ಟು ಬೀಳುವುದು ಆಗಲೇ ಜಾಸ್ತಿ. ನೋವು ಕೂಡ ಅವತ್ತಲ್ಲ, ಮರುದಿನ, ಅದರ ಮರುದಿನ ಜೋರಾಗುತ್ತದೆ. ಸಮಾಧಾನದ ವಿಷಯ ಅಂದರೆ, ಒಮ್ಮೆ ಹೀಗೆ ನೋವು ಕಂಡ ಕಾಲು ಮುಂದಿನ ವಾರ ಅಷ್ಟೇ ಇಳಿದರೂ ಅಷ್ಟು ನೋಯುವುದಿಲ್ಲ. ಆ ನೋವನ್ನು ದುರ್ಗದಲ್ಲೇ ಮುಗಿಸಿಕೊಂಡು ಹೋಗಿ.

ಊರಿಂದ ಜೋಗಿಮಟ್ಟಿ ಸುಮಾರು ಹತ್ತು ಕಿಲೋಮೀಟರ್. ಮೊದಲ ಎರಡು ವಾರ ದಾರಿಯಲ್ಲೇ ಸಿಗುವ ಆಡುಮಲ್ಲೇಶ್ವರದ ತನಕ ಹೋಗಿ ಬನ್ನಿ, ಸಾಕು. ಮೂರನೇ ವಾರದಿಂದ ತುದಿವರೆಗೆ ಹೋಗಿ. ಪಕ್ಕದವರ ಜೊತೆ ಒಂದು ಪೂರ್ತಿ ಮಾತು ಆಡುವಷ್ಟು ಉಸಿರು ಉಳಿಯಬೇಕು, ಅದೇ ಸರಿಯಾದ ವೇಗ. ನಾಲ್ಕನೇ ವಾರ ಬ್ಯಾಗಿಗೆ ಭಾರ ಹಾಕಿ. ಕಲ್ಲು, ಮರಳು ಬೇಡ, ನೀರು ತುಂಬಿಕೊಳ್ಳಿ. ಒಂದು ಲೀಟರ್ ಅಂದರೆ ಒಂದು ಕೆಜಿ, ಲೆಕ್ಕ ಸುಲಭ. ನಾನು ಎರಡು ಲೀಟರಿನ ಎರಡು ಬಾಟಲಿ ಹೊರುತ್ತೇನೆ. ಮೇಲೆ ಹೋದ ಮೇಲೆ ಕುಡಿಯೋಕೆ ಇಟ್ಟುಕೊಂಡು ಉಳಿದದ್ದನ್ನು ಯಾವುದಾದರೂ ಗಿಡದ ಬುಡಕ್ಕೆ ಸುರಿಯುತ್ತೇನೆ. ನಮ್ಮ ಒಣ ಸೀಮೆಯಲ್ಲಿ ಆ ಮಣ್ಣು ನೀರನ್ನು ಚೊರ್ ಅಂತ ಎಳೆದುಕೊಳ್ಳುವುದನ್ನು ನೋಡಬೇಕು ನೀವು. ಹೀಗೆ ಮಾಡಿದರೆ ಹತ್ತುವಾಗ ಭಾರ ಇರುತ್ತದೆ, ಇಳಿಯುವಾಗ ಮಂಡಿಗೆ ಹೊರೆ ಇರುವುದಿಲ್ಲ. ಕೊನೆಯ ಎರಡು ಮೂರು ವಾರ ಮಾತ್ರ ಅರ್ಧ ನೀರು ಉಳಿಸಿಕೊಂಡು ಇಳಿಯಿರಿ. ಹೊರಡುವ ವಾರ ಬೆಟ್ಟ ಬೇಡ, ಸುಮ್ನೆ ಊರಲ್ಲೇ ಓಡಾಡಿ.

ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ. ದಡದಡ ಓಡಬೇಡಿ. ತೊಡೆ ನೋವು ಪರವಾಗಿಲ್ಲ. ಮಂಡಿಯೊಳಗೆ ಚುಚ್ಚಿದ ಹಾಗಾದರೆ ಅಥವಾ ಊದಿಕೊಂಡರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ವಾರದ ನಡುವೆ ಒಂದು ದಿನ ಕೋಟೆಗೆ ಹೋಗಿ. ಡಾಂಬರು ರಸ್ತೆಯಲ್ಲಿ ಸಿಗದ ಎತ್ತರ ತಗ್ಗಿನ ಮೆಟ್ಟಿಲು ಅಲ್ಲಿವೆ. ಏಕನಾಥೇಶ್ವರಿ ಗುಡಿಯ ಕಡೆಗೆ ಹತ್ತಿ ಇಳಿದು, ಗೋಪಾಲಸ್ವಾಮಿ ಹೊಂಡದವರೆಗೆ ನಡೆದು ಬಂದರೆ ಪಾದಕ್ಕೆ ಕಲ್ಲಿನ ಅಂದಾಜು ಸಿಗುತ್ತದೆ. ತುಪ್ಪದ ಕೊಳದ ಬಂಡೆಯಲ್ಲಿ ಬರೀ ಪಾದ ಊರುವಷ್ಟು ಕಚ್ಚುಗಳನ್ನು ಕೊರೆದಿದ್ದಾರೆ. ಅಲ್ಲಿ ಮುಖ ಬಂಡೆಗೆ ಮಾಡಿ, ನಿಧಾನಕ್ಕೆ ಒಂದೊಂದೇ ಕಚ್ಚು ಹುಡುಕುತ್ತಾ ಇಳಿಯಿರಿ. ಮಳೆ ಬಿದ್ದ ದಿನ ಅದರ ಹತ್ತಿರವೂ ಹೋಗಬೇಡಿ.

ಜೋಗಿಮಟ್ಟಿ 2015ರಿಂದ ವನ್ಯಜೀವಿ ಧಾಮ, ಇದು ನೆನಪಿರಲಿ. ಕರಡಿ, ಚಿರತೆ ಇರುವ ಕಾಡು. ಅರಣ್ಯ ಇಲಾಖೆಯವರು ಹೇಳಿದ ಹೊತ್ತಿನಲ್ಲೇ ಹೋಗಿ, ಚೆನ್ನಾಗಿ ಬೆಳಕಾದ ಮೇಲೇ ಹೊರಡಿ, ಒಬ್ಬರೇ ಹೋಗಬೇಡಿ. ಬೇಸಿಗೆಯಲ್ಲಿ ಅಲ್ಲಿನ ಹುಲ್ಲು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಜೊತೆಗೆ ಬರುವವರು ಬೀಡಿ ಸಿಗರೇಟು ಸೇದುವವರಾಗಿದ್ದರೆ ಮೊದಲೇ ಹೇಳಿಬಿಡಿ. ಹೊಟ್ಟೆಗೆ ನಮ್ಮ ಶೇಂಗಾ ಉಂಡೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ, ನಾಲ್ಕು ಕಟ್ಟಿಕೊಳ್ಳಿ.

ಹೊರಡುವ ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿ. ಇಳಿಯುವ ಮುಂಚೆ ಶೂ ಲೇಸನ್ನು ಕಾಲಿನ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಇಳಿಯುವ ಉದ್ದಕ್ಕೂ ಬೆರಳು ಶೂ ತುದಿಗೆ ಗುದ್ದುತ್ತಲೇ ಇರುತ್ತದೆ. ನನ್ನ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದುಹೋಗಿದ್ದವು. ಪೂರ್ತಿ ಬೆಳೆಯಲು ಹತ್ತಿರ ಹತ್ತಿರ ವರ್ಷ ಹಿಡಿಯಿತು.